ಬೈಂಡಿಂಗ್ ಹುಸೇನನ ಕಪಾಟು

ಗುಲಾಮಹುಸೇನನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅಕ್ಷರ ಬರುತ್ತಿದ್ದವು, ಇಪ್ಪತ್ತಾರೂ, ಅದೂ ಉಲ್ಟಾ — ಯಲ್ಲೇಶನ ಕಂಪ್ಯೂಟರ್ ಅಂಗಡಿಯ ಗಾಜಿನ ಬಾಗಿಲಿಗೆ ಅಂಟಿಸಿದ ನೀಲಿ ಅಕ್ಷರಗಳು ಒಳಗೆ ಕೂತವರಿಗೆ ಹಿಂದುಮುಂದಾಗಿ ಕಾಣುತ್ತವೆ, ಅವನಿಗೆ ಮಾತ್ರ ಸರಿಯಾಗಿಯೇ ನಿಂತಿವೆ, ಆರ್ ಎಡಕ್ಕೆ ಕಾಲು ಚಾಚಿದೆ, ಹಿತ್ತಾಳೆಯ ಅಚ್ಚುಮೊಳೆಗಳಲ್ಲಿ ಅದು ಹಾಗೇ ಇರುತ್ತಿತ್ತು, ಮೂವತ್ತೆಂಟು ವರ್ಷ ಆ ಮೊಳೆಗಳನ್ನು ಒಂದೊಂದೇ ಎತ್ತಿ ಬಲದಿಂದ ಎಡಕ್ಕೆ ಜೋಡಿಸಿ, ಕಾಸಿ, ಬಂಗಾರದ ಹಾಳೆಯ ಮೇಲೆ ಒತ್ತಿದ್ದಾನೆ, ಪುಸ್ತಕದ ಬೆನ್ನಿನ ಮೇಲೆ ಸೀದಾ ಬೀಳುತ್ತಿತ್ತು, ಏನು ಬಿತ್ತು ಅಂತ ಗೊತ್ತಿಲ್ಲ, ಚೀಟಿಯಲ್ಲಿ ಬರೆದು ಕೊಟ್ಟದ್ದು ಬೀಳುತ್ತಿತ್ತು, ಉರ್ದು ಶಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಓದಿದ ಕಣ್ಣಿಗೆ ಬಲದಿಂದ ಎಡಕ್ಕೆ ಹೋಗುವುದು ಕಷ್ಟವೇನಲ್ಲ. ಕಿಸೆಯ ಮೇಲೆ ಕೈ ಇಟ್ಟು ನೋಡಿದ, ಪೆನ್‌ಡ್ರೈವ್ ಇದೆ, ಬೆಳಗ್ಗೆಯಿಂದ ನಾಲ್ಕನೇ ಸಲ ಮುಟ್ಟಿ ನೋಡುತ್ತಿರುವುದು, ಹೆಬ್ಬೆರಳಿಗಿಂತ ಚಿಕ್ಕದು, ಇದರೊಳಗೆ ಒಂಬತ್ತು ಕಪಾಟು ಹಿಡಿದಿವೆ ಅಂದರೆ ನಂಬಬೇಕು, ನಂಬಿದ್ದಾನೆ. ಮಗಳು ತಬಸುಮಳ ಕಂಪ್ಯೂಟರ್ ಯಲ್ಲೇಶನ ಮೇಜಿನ ಮೇಲೆ ಹೊಟ್ಟೆ ತೆರೆದುಕೊಂಡು ಕೂತಿದೆ, ಮೊನ್ನೆ ತಂದು ಕೊಟ್ಟದ್ದು, ವೈರಸ್ ಹೊಕ್ಕಿದೆ, ಎಲ್ಲಾ ಅಳಿಸಿ ಹೊಸದಾಗಿ ಹಾಕಬೇಕು ಅಂದಿದ್ದ, ಅಳಿಸಿ ಹಾಕಿಯೂ ಆಗಿದೆ, ಇನ್ನು ಪೆನ್‌ಡ್ರೈವಿನಲ್ಲಿರುವ ಆಟವನ್ನು ಮತ್ತೆ ಅದರ ಜಾಗಕ್ಕೆ ಇಟ್ಟರೆ ಮುಗಿಯಿತು, ಐದು ನಿಮಿಷದ ಕೆಲಸ, ಆ ಐದು ನಿಮಿಷ ಮಾತ್ರ ಬರುತ್ತಿಲ್ಲ. ಕೌಂಟರಿಗೆ ಮೊಣಕೈ ಊರಿ ದ್ವಾರಕಾಬಾಯಿ ನಿಂತಿದ್ದಾರೆ, ರಿಟೈರ್ ಆದ ಟೀಚರು, ಫೋನ್ ತುಂಬಿ ಹೋಗಿದೆಯಂತೆ, ಏನೂ ತಗೋವಲ್ದು ನೋಡೋ ಯಲ್ಲೇಶ, ಅನ್ನುತ್ತಾರೆ, ಹೆಂಗ ತಗೋತದ್ರಿ ಬಾಯಾರ, ನಾಲ್ಕ ಸಾವಿರ ಗುಡ್ ಮಾರ್ನಿಂಗ್ ಅದಾವ ಇದರಾಗ, ತಗೀಲೇನ್ರಿ, ಅನ್ನುತ್ತಾನೆ ಅವನು, ಬ್ಯಾಡೋ, ದೇವರ ಫೋಟೋ ಇರ್ತಾವ, ಅಳಿಸಿದ್ರ ಪಾಪ ಬರ್ತದ, ಅನ್ನುತ್ತಾರೆ ಅವರು, ಪಾಪ ಬಂದ್ರ ನನಗ ಬರ್ತದ ಬಿಡ್ರಿ, ಬಟನ್ ಒತ್ತಾಂವ ನಾನು, ತಗೀ ಅಂದಾವ್ರಿಗೂ ಬರ್ತದೋ, ಅನ್ನುತ್ತಾರೆ ದ್ವಾರಕಾಬಾಯಿ, ಅರ್ಧರ್ಧ ಹಂಚ್ಕೊಳ್ಳೂಣು ತಗೋರಿ, ಅನ್ನುತ್ತಾನೆ ಯಲ್ಲೇಶ, ಇಬ್ಬರೂ ನಗುತ್ತಾರೆ, ಫ್ಯಾನು ಗರಗರ ಅನ್ನುತ್ತದೆ, ಗುಲಾಮಹುಸೇನ ನಗಲಿಲ್ಲ.

ಕಪಾಟು ಅಂದರೆ ಆಟದೊಳಗಿನ ಕಪಾಟು. ಯಾರಿಗಾದರೂ ಹೇಳಿದರೆ ನಗುತ್ತಾರೆ, ಅದಕ್ಕೇ ಹೇಳಿಲ್ಲ, ಅರವತ್ತೆರಡು ವರ್ಷದವನು, ಅಣ್ಣಿಗೇರಿಯಲ್ಲಿ ಬೈಂಡಿಂಗ್ ಹುಸೇನ ಅಂದರೆ ಮನೆ ತೋರಿಸುವವರು ಇನ್ನೂ ಇದ್ದಾರೆ, ಮೂರು ವರ್ಷದ ಹಿಂದೆ ಬೆರಳ ಗೆಣ್ಣುಗಳು ಬಾತು ದಬ್ಬಣ ಹಿಡಿಯಲು ಬರದಂತಾಯಿತು, ದಾರ ಕೈಗೆ ಸಿಗುವುದಿಲ್ಲ, ಸಿಕ್ಕರೆ ಎಳೆಯಲು ಆಗುವುದಿಲ್ಲ, ಮೌಸ್ ಮಾತ್ರ ಅಂಗೈಯಲ್ಲೇ ಹೊರಳುತ್ತದೆ. ತಬಸುಮ್ ನವಲಗುಂದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ, ಜೊತೆಯ ಮಾಸ್ತರರೊಬ್ಬರು ಮಾರಿದ ಹಳೆಯ ಕಂಪ್ಯೂಟರ್ ಕೊಂಡು ತಂದಳು, ಆಟ ಅದರ ಜೊತೆಗೇ ಬಂತು, ಕೋಟೆ, ಹಿಮದ ಗುಡ್ಡ, ಕತ್ತಿ ಹಿಡಿದ ದೈತ್ಯರು, ಅದರಲ್ಲಿ ಅವನಿಗೊಂದು ಆಳು ಮಾಡಿಕೊಟ್ಟಳು, ಬಿಳಿ ಗಡ್ಡದ್ದು, ಹೆಸರು ಹುಸೇನ, ನೋಡ್ರಿ ಅಬ್ಬಾ, ನೀವು ಹೇಳಿದಲ್ಲೆ ಹೋಗ್ತಾನ, ಬಡದಾಡ್ತಾನ, ಅಂದಳು. ಆ ಹುಸೇನ ಬಡಿದಾಡಲಿಲ್ಲ. ಮೊದಲ ದಿನವೇ ಸುಟ್ಟ ಮನೆಯೊಂದನ್ನು ಹೊಕ್ಕ, ಮೂಲೆಯಲ್ಲಿ ಮುರಿದ ಕಪಾಟು, ಅದರಲ್ಲೊಂದು ಪುಸ್ತಕ ವಾರೆಯಾಗಿ ನಿಂತಿತ್ತು, ಗುಲಾಮಹುಸೇನ ನೋಡಿದ್ದು ಅದರ ಬೆನ್ನನ್ನು, ಅಡ್ಡಕ್ಕೆ ಉಬ್ಬಿದ ಐದು ಏಣು, ಮೂಲೆಗಳಿಗೆ ಚರ್ಮ, ನಡುವೆ ಕೆಂಪು ಬಟ್ಟೆ, ಆಟದಲ್ಲಿ ಇದನ್ನು ಮಾಡಿದವ ಎಂದೋ ಒಬ್ಬ ಬೈಂಡರನ ಬಾಜು ಕೂತು ನೋಡಿದ್ದಾನೆ, ಇಲ್ಲದಿದ್ದರೆ ಮೂಲೆಯ ಚರ್ಮ ತಿಳಿಯುವುದಿಲ್ಲ. ಗುಂಡಿ ಒತ್ತಿದ, ಪುಸ್ತಕ ತೆರೆಯಿತು, ಹಾಳೆ ಹೊರಳಿತು, ನಾಲ್ಕು ಪುಟ, ಮುಗಿಯಿತು — ಎರಡು ಬೆರಳು ದಪ್ಪ ಬೆನ್ನಿಗೆ ನಾಲ್ಕ ಪುಟ ಏನ, ಒಳಗ ಹೊಟ್ಟ ತುಂಬ್ಯಾರೇನ ಮಕ್ಕಳು, ಅಂತ ಜೋರಾಗಿಯೇ ಅಂದುಬಿಟ್ಟ, ಒಳಗಿನಿಂದ ಜಮಾಲಬಿ, ತಬಸುಮನ ಅಬ್ಬಾ, ಮಂದಿ ಮುದುಕರಾದ ಮ್ಯಾಲ ತಸ್ಬಿ ಮಣಿ ಹಿಡೀತಾರ, ನೀವು ಇಲಿ ಹಿಡ್ಕೊಂಡ ಕುಂತೀರಿ, ಅಂದಳು, ಹೆಂಡತಿಗೆ ಮೌಸ್ ಅಂದರೆ ಇಲಿ ಅಂತ ಮಗಳೇ ಹೇಳಿಕೊಟ್ಟಿರಬೇಕು. ಆಮೇಲೆ ಹುಸೇನ ಊರೂರು ತಿರುಗಿದ, ಗವಿ, ಗೋರಿ, ಪಾಳುಬಿದ್ದ ಕಾವಲುಮನೆ, ದೈತ್ಯ ಬಂದರೆ ಓಡಿದ, ಕತ್ತಿ ಸಿಕ್ಕರೆ ಮಾರಿದ, ಪುಸ್ತಕ ಸಿಕ್ಕರೆ ಎತ್ತಿಕೊಂಡ, ಯಾರದೋ ಮನೆಯದನ್ನು ಎತ್ತಿದರೆ ಅದು ಕಳವು, ಸಿಪಾಯಿಗಳು ಬೆನ್ನು ಹತ್ತುತ್ತಾರೆ, ಅದು ಅವನಿಗೆ ಸರಿ ಅನ್ನಿಸಿತು. ಕೆರೆಯ ದಂಡೆಗೆ ಒಂದು ಮನೆ ಮಾಡಿದ. ಮನೆಯೊಳಗೆ ಕಪಾಟು ಇಡಬಹುದು, ಒಂದು ಕಪಾಟಿಗೆ ನಾಲ್ಕು ಹಲಗೆ, ಒಂದು ಹಲಗೆಗೆ ಹನ್ನೆರಡು ಪುಸ್ತಕ, ಪುಸ್ತಕ ಇಟ್ಟರೆ ನೆಟ್ಟಗೆ ನಿಲ್ಲುತ್ತದೆ, ಬೆನ್ನು ಹೊರಗೆ. ಗುಲಾಮಹುಸೇನನ ಸ್ವಂತ ಮನೆಯಲ್ಲಿ ಪುಸ್ತಕ ಇರಲಿಲ್ಲ, ಬೈಂಡರನ ಮನೆಯಲ್ಲಿ ಇರುವುದೆಲ್ಲ ಮಂದಿಯವು, ಬರುತ್ತವೆ, ಒಣಗುತ್ತವೆ, ಹೋಗುತ್ತವೆ, ಗೋಡೆಗೆ ಅಂಟಿನ ಖಳಿಯ ವಾಸನೆ ಉಳಿಯುತ್ತದೆ.

ದ್ವಾರಕಾಬಾಯಿ ಇನ್ನೂ ನಿಂತಿದ್ದಾರೆ, ಇದು ನಮ್ಮ ತಂಗಿ ಕಳಿಸಿದ್ದು ಇರಲಿ, ಇದು ಹೋಗಲಿ, ಒಂದೊಂದೇ ಬೆರಳಿಟ್ಟು ತೋರಿಸುತ್ತಾರೆ, ಹೀಗಾದರೆ ನಾಲ್ಕು ಸಾವಿರಕ್ಕೆ ಸಂಜೆಯಾಗುತ್ತದೆ, ಆಗಲಿ, ಎಲ್ಲಿಗೆ ಹೋಗಬೇಕಾಗಿದೆ. ಕೆಂಪು, ಕೆಂಪು, ಹಸಿರು. ಬಾಗಿಲ ಬಲಗಡೆಯ ಮೊದಲ ಕಪಾಟಿನ ಮೇಲಿನ ಹಲಗೆ ಹಾಗೆ ಶುರುವಾಗುತ್ತದೆ, ಆಟದಲ್ಲಿ, ಮತ್ತು ವಾಚನಾಲಯದಲ್ಲಿ — ಊರಿನ ಹಳೆಯ ವಾಚನಾಲಯ, ಒಂದೇ ಕೋಣೆ, ಒಂಬತ್ತು ಕಪಾಟು, ಸಾವಿರದ ಮುನ್ನೂರರ ಹತ್ತಿರ ಪುಸ್ತಕ, ಅವುಗಳಲ್ಲಿ ಅವನ ಕೈಗೆ ಬಾರದ್ದು ಒಂದೂ ಇಲ್ಲ, ಕತೆಗೆ ಕೆಂಪು ಬಟ್ಟೆ, ಇಂಗ್ಲಿಷಿಗೆ ಹಸಿರು, ಕಾಯಿದೆಗೆ ಕಪ್ಪು, ಪುರಾಣಕ್ಕೆ ಕಂದು. ಅಲ್ಲಿ ಪುಸ್ತಕ ಕೊಡುವವರಿಗೆ ಉಬ್ಬಸ, ಸ್ಟೂಲು ಹತ್ತುವಂತಿಲ್ಲ, ಕಟ್ಟಿದ ಪುಸ್ತಕಗಳನ್ನು ಗುಲಾಮಹುಸೇನನೇ ಒಯ್ದು ಅದರದರ ಜಾಗದಲ್ಲಿ ಇಟ್ಟು ಬರುತ್ತಿದ್ದ, ಹೆಸರು ಓದಿ ಅಲ್ಲ, ಬಾಜುವಿನ ಬಣ್ಣ ನೋಡಿ, ಎರಡು ಕೆಂಪಿನ ಆಚೆ ಹಸಿರು ಇದ್ದರೆ ಇದು ಇಲ್ಲಿಯದು. ಎರಡು ವರ್ಷದ ಹಿಂದೆ ವಾಚನಾಲಯ ಮುಚ್ಚಿತು, ಕೋಣೆ ಕಟ್ಟಡದ ಮಾಲೀಕರಿಗೆ ಬೇಕಾಯಿತು, ಸೆಕ್ರೆಟರಿ ಬಾಳಕೃಷ್ಣರಾಯರು ಬೀದಿಯಲ್ಲೇ ನಿಲ್ಲಿಸಿ ಹೇಳಿದರು, ಯಾರ ಓದ್ತಾರ ಹುಸೇನ, ಗೆದ್ದಲ ಓದ್ತಾವ ಅಷ್ಟ, ರದ್ದಿಗೆ ಹಾಕಿಬಿಟ್ಟೆ, ಅಂದರು, ಅವರ ಮಾತು ಸುಳ್ಳೂ ಅಲ್ಲ, ಕೊನೆಯ ವರ್ಷ ಅಲ್ಲಿ ಪೇಪರ್ ಓದಲು ಬರುತ್ತಿದ್ದವರು ಮೂವರು, ಒಬ್ಬ ನಿದ್ದೆ ಮಾಡಲು ಬರುತ್ತಿದ್ದ.

ರದ್ದಿ ಅಂದರೆ ರೈಲ್ವೆ ಗೇಟಿನ ಹತ್ತಿರದ ಸಿರಾಜುದ್ದೀನನ ಅಂಗಡಿ, ಸಿರಾಜ ಅಕ್ಕನ ಮಗ, ಅವನೇ ಫೋನ್ ಮಾಡಿದ, ಮಾಮೂ, ಒಂದೀಟು ಬಂದು ಹೋಗ್ರಿ, ನಿಮ್ಮ ಹೊಲಿಗಿ ಹರಿಯವಲ್ದು, ಆಳಮಂದಿ ಬೈಯಾಕತ್ತಾರ. ಹೋದ. ಬಯಲಿನಲ್ಲಿ ತಾಡಪತ್ರಿ ಹಾಸಿ ಪುಸ್ತಕ ಸುರುವಿದ್ದರು, ಬಿಸಿಲು, ಇಬ್ಬರು ಹೆಣ್ಣಾಳು ಒಬ್ಬ ಗಂಡಾಳು ಒಂದೊಂದು ಪುಸ್ತಕವನ್ನು ಎರಡು ಕಾಲಿನ ನಡುವೆ ಅವುಚಿ ರಟ್ಟು ಹಿಡಿದು ಎಳೆಯುತ್ತಿದ್ದರು, ಮಿಲ್ಲಿನವರು ರಟ್ಟು ಬೇರೆ ಕಾಗದ ಬೇರೆ ಕೇಳುತ್ತಾರೆ, ಕಾಗದಕ್ಕೆ ಬಟ್ಟೆ ಅಂಟಿದ್ದರೆ ತಗೊಳ್ಳುವುದಿಲ್ಲ, ರಟ್ಟು ಬರುತ್ತಿರಲಿಲ್ಲ, ಹೆಣ್ಣಾಳು ಒಬ್ಬಳು, ಯಾ ಭಾಡ್ಯಾ ಹೊಲದಾನಬೇ ಇದನ್ನ, ಅಂದಳು, ಸಿರಾಜ ಕೆಮ್ಮಿದ, ಗುಲಾಮಹುಸೇನನಿಗೆ ಸಿಟ್ಟು ಬರಲಿಲ್ಲ, ಎದೆ ಉಬ್ಬಿತು, ಅದು ನಿಜ, ಯಾಕೆ ಸುಳ್ಳು ಹೇಳಬೇಕು, ಮೂವತ್ತು ವರ್ಷದ ಹಿಂದಿನ ಹೊಲಿಗೆ ಮೂರು ಮಂದಿಗೆ ಜಗ್ಗುತ್ತಿಲ್ಲ ಅಂತ ಎದೆ ಉಬ್ಬಿತು. ಆಮೇಲೆ ಮಾಡಿದ್ದು — ಯಾರೂ ಕೇಳಿರಲಿಲ್ಲ, ಸಿರಾಜ ಸಹ ಬಾಯಿಬಿಟ್ಟು ಕೇಳಿರಲಿಲ್ಲ — ತಾಡಪತ್ರಿಯ ಮೇಲೆ ಕೂತ, ಹಂಗಲ್ಲವಾ, ಕೊಡ ಇಲ್ಲೆ, ಅಂದ, ರಟ್ಟನ್ನು ಪೂರ್ತಿ ಹಿಂದಕ್ಕೆ ಮಡಚಿದ, ರಟ್ಟು ಬೆನ್ನನ್ನು ಕೂಡುವಲ್ಲಿ ಒಂದು ಗೆರೆ ಇರುತ್ತದೆ, ಅಲ್ಲಿ ಬ್ಲೇಡು ಹಾಯಿಸು, ಒಂದೇ ಸಲ, ರಟ್ಟು ಕೈಗೆ ಬಂತು, ಇನ್ನು ಮೇಲೊಂದು ಕೆಳಗೊಂದು ಗಂಟು ಇರುತ್ತವೆ, ಅವೆರಡನ್ನು ಕೊಯ್ದರೆ ಹೊಲಿಗೆ ತಾನೇ ಬಿಚ್ಚುತ್ತದೆ, ಎಳೆಯಬೇಕಾಗಿಲ್ಲ. ಬಾತ ಬೆರಳಲ್ಲಿ ಹತ್ತು ಪುಸ್ತಕ ಕೊಯ್ದು ತೋರಿಸಿದ, ಉಳಿದದ್ದು ಅವರು ಕೊಯ್ದರು, ಒಂದು ಮಧ್ಯಾಹ್ನದಲ್ಲಿ ಮುಗಿಯಿತು, ಮಾಮೂ ಇರಲಿಲ್ಲಂದ್ರ ನಾಲ್ಕ ದಿನ ಹಿಡೀತಿತ್ತು, ಅಂತ ಸಿರಾಜ ಚಹಾ ತರಿಸಿದ, ಕುಡಿದ, ಸಕ್ಕರೆ ಜಾಸ್ತಿಯಾಗಿತ್ತು. ಎದ್ದು ನಿಂತಾಗ ಒಂದು ಕಡೆ ಕಾಗದ, ಒಂದು ಕಡೆ ರಟ್ಟು, ರಟ್ಟಿನ ಗುಡ್ಡೆಯಲ್ಲಿ ಎಲ್ಲಾ ಬಣ್ಣ ಕಲೆತು ಹೋಗಿತ್ತು. ಮರುದಿನದಿಂದ ಆಟದ ಮನೆಯಲ್ಲಿ ಒಂಬತ್ತು ಕಪಾಟು ಇಡಿಸಲು ಶುರು ಮಾಡಿದ.

ಯಾಕೆ ಅಂತ ಕೇಳಿದರೆ ಹೇಳಲು ಬರುವುದಿಲ್ಲ, ಕೈ ಖಾಲಿ ಇತ್ತು, ಅಷ್ಟೇ ಅನ್ನಬಹುದು. ವಾಚನಾಲಯದ ಮೂರು ಪುಸ್ತಕಕ್ಕೆ ಆಟದ ಒಂದು ಪುಸ್ತಕ ಅಂತ ಹಿಡಿದ, ಇಲ್ಲವಾದರೆ ಹಿಡಿಸುವುದಿಲ್ಲ, ಕೆಂಪಿನ ಗುಂಪಿಗೆ ಕೆಂಪು, ಹಸಿರಿನ ಗುಂಪಿಗೆ ಹಸಿರು, ಬಣ್ಣದ ಸಾಲು ತಪ್ಪಕೂಡದು. ಕೆಂಪು ಬೆನ್ನಿನದು ಆಟದಲ್ಲಿ ಒಂದೇ ಹೆಸರಿನದು, ಅದನ್ನೇ ಹುಡುಕಿ ಹುಡುಕಿ ತಂದ, ಹೋಟೆಲಿನ ಅಡಿಗೆಮನೆ, ಹಡಗು, ಯಾರದೋ ಕೋಟೆಯ ಕೋಣೆ, ತಬಸುಮ್ ಒಂದಿನ ಹಿಂದೆ ನಿಂತು ನೋಡಿ ಬಿದ್ದು ಬಿದ್ದು ನಕ್ಕಳು, ಅಬ್ಬಾ, ಇದು ಅಡಿಗಿ ಪುಸ್ತಕರೀ, ಉಳ್ಳಾಗಡ್ಡಿ ಸಾರು ಮಾಡೂದು ಹೆಂಗ ಅಂತ ಬರದಾರ, ಒಂದಲ್ಲ ಎರಡಲ್ಲ ನೂರಾ ಅರವತ್ತ ಇಟ್ಟೀರಲ್ರಿ, ಆಡಾವ್ರು ಎಲ್ಲಾರೂ ಒಂದ ಹೆಸರಿಗೆ ಒಂದ ಕೂಡಿಸ್ತಾರ, ಅಂದಳು, ಇರಲಿ, ಬಣ್ಣ ಚಲೋ ಐತಿ, ಅಂದ. ಸುಮ್ಮನಿರಲಿಲ್ಲ ಅವಳು. ಅವನು ಒಂದು ವಾರ ಊರಲ್ಲಿ ಇರಲಿಲ್ಲ, ಕುಂದಗೋಳಕ್ಕೆ ಮದುವೆಗೆ ಹೋಗಿದ್ದ, ಬಂದು ನೋಡುತ್ತಾನೆ, ಎರಡನೇ ಕಪಾಟು ಸ್ವಚ್ಛವಾಗಿದೆ, ಅಡಿಗೆ ಪುಸ್ತಕ ಒಂದೇ ಉಳಿದಿದೆ, ಬಾಜುವಿನಲ್ಲಿ ಬೇರೆ ಬೇರೆ ಹೆಸರಿನವು, ನಿಮಗಂತ ಕೂಡಿಸೀನ್ರಿ ಅಬ್ಬಾ, ಎಷ್ಟ ಗುಡ್ಡ ಹತ್ತಿ ಇಳದೀನಿ ಗೊತ್ತೇನ್ರಿ, ಅಂತ ನಗುನಗುತ್ತ ನಿಂತಿದ್ದಳು, ಯಾರ ಹೇಳಿದ್ರು ನಿನಗ, ಯಾರ ಮುಟ್ಟ ಅಂದ್ರು, ಅಂತ ಕಿರುಚಿದ, ಇಪ್ಪತ್ತೇಳು ವರ್ಷದ ಮಗಳ ಮೇಲೆ ಅವತ್ತಿನವರೆಗೆ ದನಿ ಎತ್ತಿರಲಿಲ್ಲ, ಅವಳ ಮೋರೆ ಹಂಗೇ ನಿಂತುಬಿಟ್ಟಿತು, ಜಮಾಲಬಿ ಒಳಗಿನಿಂದ ಬಂದು ಇಬ್ಬರನ್ನೂ ನೋಡಿ ಹೊರಟು ಹೋದಳು. ಎರಡನೇ ಕಪಾಟನ್ನು ಮತ್ತೆ ಜೋಡಿಸಲು ಒಂದೂವರೆ ತಿಂಗಳಾಯಿತು. ಆಮೇಲೆ ಅವಳು ಆಟದ ಮಾತು ತೆಗೆಯಲಿಲ್ಲ, ಅವನೂ ಇಲ್ಲ, ಊಟ ಆತೇನ್ರಿ, ಬಸ್ ಸಿಕ್ಕತೇನ, ಇಷ್ಟರಲ್ಲೇ ನಡೆಯಿತು. ಹೋದ ರವಿವಾರ ಮಾತ್ರ ಅವಳೇ ಕೇಳಿದಳು, ಇಸ್ತ್ರಿ ಮಾಡುತ್ತ, ಮುಖ ಎತ್ತದೆ, ಅಬ್ಬಾ, ಕಂಪ್ಯೂಟರ್ ಕ್ಲೀನ್ ಮಾಡಾಕ ಕೊಡಾಕತ್ತೇನಿ, ನಿಮ್ಮ ಆಟ ನಾ ತಗದಿಡ್ಲೇನ್ರಿ — ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಬ್ಯಾಡ, ನಾ ಇಟ್ಕೋತೀನಿ, ಅಂದ. ಬರ್ತದೇನ್ರಿ ನಿಮಗ, ಅಂದಳು. ಎಲ್ಲಾ ಬರ್ತದ, ಅಂದ.

ಬಂದೂ ಬಂತು. ಪೆನ್‌ಡ್ರೈವ್ ಚುಚ್ಚಿದ, ಪರದೆಯ ಮೇಲೆ ಕೋಟೆಯ ಚಿತ್ರ, ಕೆಳಗೆ ಆಟದ ಹೆಸರು, ದಿನಾ ಒತ್ತುತ್ತಿದ್ದುದು ಅದನ್ನೇ, ಅದನ್ನು ಹಿಡಿದು ಎಳೆದುಕೊಂಡು ಹೋಗಿ ಪೆನ್‌ಡ್ರೈವಿನೊಳಗೆ ಬಿಟ್ಟ, ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು. ಇಷ್ಟು ಬೇಗ ಹೇಗೆ ಅಂತ ಸಂಶಯವೂ ಬಂತು, ಮೂವತ್ತೆಂಟು ವರ್ಷ ಕೆಲಸ ಮಾಡಿದವನು, ಪರೀಕ್ಷೆ ಮಾಡದೆ ಗಿರಾಕಿಗೆ ಕೊಟ್ಟವನಲ್ಲ, ಪೆನ್‌ಡ್ರೈವಿನೊಳಗಿನ ಆ ಚಿತ್ರವನ್ನೇ ಒತ್ತಿದ, ಆಟ ತೆರೆಯಿತು, ಕೆರೆ ಬಂತು, ಮನೆ ಬಂತು, ಒಂಬತ್ತು ಕಪಾಟೂ ಇದ್ದವು, ಬಾಗಿಲ ಬಲಕ್ಕೆ ಕೆಂಪು, ಕೆಂಪು, ಹಸಿರು, ಎಲ್ಲಾ ಇದ್ದಲ್ಲಿ ಇದ್ದವು. ಚಿತ್ರದ ಮೂಲೆಯಲ್ಲಿ ಒಂದು ಚಿಕ್ಕ ಬಾಣದ ಗುರುತು ಇತ್ತು, ಇತ್ತು ಅಂತ ಈಗ ನೆನಪಾಗುತ್ತದೆ, ಆಗ ಅದನ್ನು ಯಾರು ನೋಡಿದರು. ಅವತ್ತು ಬಹಳ ಹೊತ್ತು ಆಡಿದ, ಕೊನೆಯ ಹಲಗೆಗೆ ಏಳನೇ ಪುಸ್ತಕ ಇಟ್ಟ, ಇನ್ನು ಐದು ಇಟ್ಟರೆ ಮುಗಿಯುತ್ತಿತ್ತು, ಆ ಐದೂ ಕಂದು, ಪುರಾಣ.

ಬರ್ರಿ ಕಾಕಾ, ಏನ ತಂದೀರಿ, ಅನ್ನುತ್ತಾನೆ ಯಲ್ಲೇಶ, ದ್ವಾರಕಾಬಾಯಿ ಯಾವಾಗ ಹೋದರೋ. ಕಿಸೆಯಿಂದ ತೆಗೆದು ಕೊಟ್ಟ, ಬೆರಳು ಬೆವತಿತ್ತು, ಯಲ್ಲೇಶ ಅದನ್ನು ಪ್ಯಾಂಟಿಗೆ ಒರೆಸಿ ಚುಚ್ಚಿದ, ಒತ್ತಿದ, ಮತ್ತೊಮ್ಮೆ ಒತ್ತಿದ, ಮೋರೆ ಪರದೆಗೆ ಹತ್ತಿರ ಒಯ್ದ. ಇದರಾಗ ಏನೂ ಇಲ್ಲಲ್ರಿ ಕಾಕಾ. ಐತಿ ನೋಡೋ ತಮ್ಮಾ, ಕೋಟೆ ಚಿತ್ರ ಕಾಣವಲ್ದೇನ. ಕಾಣಾಕತ್ತೈತ್ರಿ, ಇದು ಶಾರ್ಟ್‌ಕಟ್ ರೀ ಕಾಕಾ, ಅಂಗಡಿ ಮ್ಯಾಲ ಬೋರ್ಡ್ ಇರ್ತದಲ್ರಿ, ಹಂಗ, ಬರೇ ಬೋರ್ಡ್ ಕಿತ್ಕೊಂಡ ಬಂದೀರಿ. ಸುಳ್ಳ ಹೇಳಬ್ಯಾಡಲೇ, ನಾ ಒತ್ತಿ ನೋಡೀನಿ, ಎಲ್ಲಾ ಬಂತು. ಅದ ಕಂಪ್ಯೂಟರಿನಾಗ ಒತ್ತಿದ್ರ ಬರ್ತದ್ರಿ, ಬೋರ್ಡ್ ನೋಡಿ ಅಂಗಡಿಗೆ ಕರಕೊಂಡ ಹೋಗ್ತದ, ಅಂಗಡಿ ಅಲ್ಲೇ ಇತ್ತಲ್ರಿ. ಈಗ? ಯಲ್ಲೇಶ ಕುರ್ಚಿಯಲ್ಲಿ ಹಿಂದಕ್ಕೆ ಸರಿದ, ಮೊನ್ನಿ ಅಳಿಸೀನಲ್ರಿ, ನಿಮ್ಮ ಮುಂದನ ಕೇಳಿದ್ನಲ್ರಿ ಕಾಕಾ, ಏನಾರ ಇಟ್ಕೋಳೂದು ಐತೇನ್ರಿ ಅಂತ, ಎಲ್ಲಾ ತಗದಿಟ್ಟೀನಿ ಅಳಸ ಅಂದ್ರಿ. ಅಂದಿದ್ದ. ಇದೇ ಸ್ಟೂಲಿನ ಮೇಲೆ ಕೂತು ಅಂದಿದ್ದ, ಕಿಸೆ ತಟ್ಟಿ ತೋರಿಸಿದ್ದ ಸಹ. ಅಳಿಸಿದ್ದು ಹೊಳ್ಳಿ ತರಾಕ ಬರೂದಿಲ್ಲೇನೋ? ಯಲ್ಲೇಶ ಏನೇನೋ ತೆರೆದು ನೋಡಿದ, ಹತ್ತು ನಿಮಿಷ, ಹದಿನೈದು, ಇವನು ನೋಡುತ್ತಿರುವುದು ಸಿಗಲಿ ಅಂತ ಅಲ್ಲ, ಎದುರಿಗೆ ಕೂತವನ ಸಮಾಧಾನಕ್ಕೆ ಅಂತ ಗುಲಾಮಹುಸೇನನಿಗೆ ತಿಳಿಯಿತು, ಗಿರಾಕಿ ಎದುರಿಗೆ ಹರಿದ ಹಾಳೆಯನ್ನು ಹಿಂದೆ ಮುಂದೆ ತಿರುವಿ ನೋಡುವುದು ಅವನಿಗೂ ಗೊತ್ತು. ಇಲ್ರಿ, ಮ್ಯಾಲ ಹೊಸಾದು ಕುಂತುಬಿಟ್ಟೈತಿ. ಆಟ ಬೇಕಂದ್ರ ಮತ್ತ ತರಸಿ ಹಾಕ್ಕೊಡ್ತೀನಿ ಕಾಕಾ, ಅದ ಆಟ, ಅದ ಪುಸ್ತಕ, ಮೊದಲಿಂದ ಸುರು ಮಾಡ್ರಿ. ಹೂಂ ಅಂದ. ಯಲ್ಲೇಶ ಫೋನ್ ಎತ್ತಿ ತಬಸುಮಳಿಗೆ ಹಚ್ಚಿದ, ಟೀಚರ, ನಿಮ್ಮ ಅಬ್ಬಾ ಬಂದಾರ್ರಿ, ಅಂತ ಎಲ್ಲಾ ಹೇಳಿದ, ಮೂಗಿನ ಮೇಲೆ ಬೆವರು, ನಂದೇನೂ ತಪ್ಪಿಲ್ರಿ ಅಂತ ಎರಡು ಸಲ, ತಪ್ಪಿಲ್ಲ, ಯಾರ ತಪ್ಪೂ ಇಲ್ಲ, ಫೋನನ್ನು ಇವನ ಕೈಗೆ ಕೊಟ್ಟ.

ಆ ಕಡೆ ಶಾಲೆಯ ಗದ್ದಲ, ಊಟದ ಗಂಟೆ ಇರಬೇಕು, ಗದ್ದಲ ದೂರವಾಯಿತು, ಅವಳು ಎಲ್ಲೋ ಹೊರಗೆ ಬಂದು ನಿಂತಳು. ಬೈಯುತ್ತಾಳೆ ಅಂದುಕೊಂಡ, ನಾ ಕೇಳಿದ್ನಲ್ರಿ ಅನ್ನುತ್ತಾಳೆ, ಅನ್ನಲಿ. ಅಬ್ಬಾ, ಅಂದಳು, ಅದು ನಮ್ಮ ವಾಚನಾಲಯ ಹೌದಲ್ಲರಿ. ಗುಲಾಮಹುಸೇನ ಗಾಜಿನ ಬಾಗಿಲು ನೋಡಿದ. ನನಗ ಅವತ್ತ ಗೊತ್ತಾಗಲಿಲ್ರಿ, ನೀವು ಬೈದ ಮ್ಯಾಲ ಕುಂತು ನೋಡಿದೆ, ಕಿಟಕಿ ಬಾಜು ಕರೇವು ಒಂದ ಸಾಲು ಇದ್ವು, ಕಾಯಿದೆ ಪುಸ್ತಕ ಇರತಿದ್ವಲ್ಲ, ಸಣ್ಣಾಕಿದ್ದಾಗ ನಿಮ್ಮ ಕೂಡ ಬಂದಾಗ ಅಲ್ಲೇ ಕುಂಡ್ರತಿದ್ದೆ. ಕೇಳಾಕತ್ತೀರೇನ್ರಿ? ನಾ ಕೂಡಿಸಿ ಕೊಡ್ತೀನಿ ಅಬ್ಬಾ, ನೂರಾ ಅರವತ್ತ ಅಡಿಗಿ ಪುಸ್ತಕ ತರ್ತೀನಿ, ನೀವು ಸುಮ್ಕ ಬಾಜು ಕುಂತು ಯಾವುದರ ಮುಂದ ಯಾವುದು ಅಂತ ಹೇಳ್ರಿ, ಅಷ್ಟ, ನಾ ಇಡ್ತೀನಿ, ಈ ಸಲ ಒಂದೂ ಆಕಡೆ ಈಕಡೆ ಮಾಡೂದಿಲ್ಲ. ಈಗ ಹೇಳ್ರಿ, ಪೆನ್ ಐತಿ ನನ್ನ ಕೈಯಾಗ, ಬರಕೋತೀನಿ, ಬಾಗಲ ಬಲಕ್ಕ ಮೊದಲನೇದು ಏನ್ರಿ? ಹೇಳುತ್ತಾನೆ, ಇದೇನು ಕಷ್ಟ, ಮೂವತ್ತು ವರ್ಷ ಕಣ್ಣು ಮುಚ್ಚಿ ಇಟ್ಟಿದ್ದಾನೆ, ಕೆಂಪು, ಅಂದ, ಬರದೆ, ಅಂದಳು, ಕೆಂಪು, ಅಂದ, ಹೂಂ, ಹಸಿರು, ಅಂದ, ಆಮ್ಯಾಲ ರೀ, ಅಂದಳು. ಆಮೇಲೆ — ಹಸಿರಿನ ಬಾಜು — ಕಪ್ಪು ಅಲ್ಲ, ಕಪ್ಪು ಕಿಟಕಿಯ ಹತ್ತಿರ, ಕೆಂಪೋ, ಕಂದೋ, ರಟ್ಟಿನ ಗುಡ್ಡೆ ಕಾಣುತ್ತದೆ, ಅದರಲ್ಲಿ ಎಲ್ಲಾ ಬಣ್ಣವೂ ಇದೆ, ಸಾಲು ಇಲ್ಲ, ಆಟದಲ್ಲಿ ಒಂದೊಂದು ಹಲಗೆ ಜೋಡಿಸಿದ ಹಾಗೆ ಆ ಹಲಗೆಯನ್ನು ತಲೆಯಿಂದ ಇಳಿಸಿಬಿಟ್ಟಿದ್ದ, ಅಲ್ಲಿ ಇದೆಯಲ್ಲ, ಬೇಕಾದಾಗ ನೋಡಬಹುದಲ್ಲ, ಎರಡು ವರ್ಷ ತಲೆಯಲ್ಲಿ ನೋಡಿಲ್ಲ, ಪರದೆಯ ಮೇಲೆ ನೋಡಿದ್ದಾನೆ. ಕೆಂಪು, ಕೆಂಪು, ಹಸಿರು. ಅಬ್ಬಾ, ಅನ್ನುತ್ತಾಳೆ. ಕೆಂಪು, ಕೆಂಪು, ಹಸಿರು, ಅದರ ಬಾಜು ಖಾಲಿ ಹಲಗೆ. ಅವಸರ ಇಲ್ರಿ, ವಿಚಾರ ಮಾಡಿ ಹೇಳ್ರಿ, ಅನ್ನುತ್ತಾಳೆ. ಕೆಂಪು, ಕೆಂಪು, ಹಸಿರು. ಒಂಬತ್ತು ಕಪಾಟು, ಮೂವತ್ತಾರು ಹಲಗೆ, ನಾನೂರ ಇಪ್ಪತ್ತೇಳು ಪುಸ್ತಕ. ಉಳಿದದ್ದು ಮೂರು. ಹೋದದ್ದು ನಾನೂರ ಇಪ್ಪತ್ನಾಲ್ಕು.